ಸೇಂಟ್ ಮೇರೀಸ್‌ಗೆ ಹೊರಟಿರಾ? ಕಲ್ಲು ನೋಡಿ, ಕಾಲೂ ನೋಡಿ!

ಉಡುಪಿಯಿಂದ ಮಲ್ಪೆಗೆ ಬಸ್ಸು, ಮಲ್ಪೆಯಿಂದ ಬೋಟು. ಇಳಿದರೆ ಸೇಂಟ್ ಮೇರೀಸ್ ದ್ವೀಪ. ರಜೆ ಬಂತೆಂದರೆ ಮಕ್ಕಳುಮರಿ ಕಟ್ಟಿಕೊಂಡು ಹೊರಡುವವರಿಗೆ ಲೆಕ್ಕವಿಲ್ಲ.

ಇಲ್ಲಿನ ಸೊಬಗೆಲ್ಲ ಕಲ್ಲಿನಲ್ಲಿದೆ. ಯಾರೋ ಕೆತ್ತಿ ಸಾಲಾಗಿ ನಿಲ್ಲಿಸಿದ ಹಾಗೆ ಐದು, ಆರು, ಏಳು ಮೂಲೆಯ ಕಂಬಗಳು! ಆದರೆ ಉಳಿ ಸೋಕಿಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದಲ್ಲಿ ಉಕ್ಕಿದ ಲಾವಾರಸ ಆರುತ್ತಾ ಕುಗ್ಗಿತು. ಬತ್ತಿದ ಕೆರೆಯ ಕೆಸರಿನಂತೆ ಬಿರುಕು ಬಿಟ್ಟಿತು. ಬಿರುಕು ಆಳಕ್ಕಿಳಿದು ಕಂಬಗಳಾದವು. 1498ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿಳಿದು ಮೇರಿಮಾತೆಯ ಹೆಸರಿಟ್ಟ ಎಂಬುದು ಪ್ರತೀತಿ. ಈಗಿದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಚೆಂದದ ಜೊತೆಗೇ ಅಪಾಯವೂ ಇದೆ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದ ವಿದ್ಯಾರ್ಥಿಗಳು ಇಲ್ಲೇ ನೀರುಪಾಲಾದರು. ಫೋಟೋ ತೆಗೆಸಲೆಂದು ಒದ್ದೆ ಬಂಡೆಯ ತುದಿಗೆ ಹೋಗುವವರು ಇದನ್ನು ಮರೆಯಬಾರದು. ಪಾಚಿಯ ಮೇಲೆ ಕಾಲು ನಿಲ್ಲೋದಿಲ್ಲ, ಅಲೆ ಹೇಳಿ ಬರೋದಿಲ್ಲ. ಮಳೆಗಾಲದಲ್ಲಂತೂ ಬೋಟೇ ಬಿಡೋದಿಲ್ಲ.

ಕೋಟಿ ವರ್ಷ ನಿಂತ ಕಲ್ಲು ಎಲ್ಲಿಗೂ ಓಡೋದಿಲ್ಲ. ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿದರೂ ಅಷ್ಟೇ ಚೆಂದ.