ಅಂಗಳದ ಕಾಂಕ್ರೀಟು ಅಂಚು: ನಾವೇ ಕಟ್ಟುವುದೋ, ಗುತ್ತಿಗೆಗೆ ಕೊಡುವುದೋ?

ತರೀಕೆರೆಯಿಂದ ಕಲ್ಲತ್ತಿಗಿರಿಯ ವೀರಭದ್ರಸ್ವಾಮಿಯ ದರ್ಶನಕ್ಕೋ ಕೆಮ್ಮಣ್ಣುಗುಂಡಿಯ ತಂಪಿಗೋ ಹೊರಟವರು ಲಿಂಗದಹಳ್ಳಿಯನ್ನು ಹಾದು ಮುಂದೆ ಸಾಗುತ್ತಾರೆ. ಬಯಲುಸೀಮೆ ಹಿಂದೆ ಸರಿದು ಮಲೆನಾಡಿನ ಮುಖ ಕಾಣತೊಡಗುವ ಊರು ಅದು. ಅಡಿಕೆ, ತೆಂಗುಗಳ ನಡುವಿನ ಮನೆಗಳ ಮುಂದೆ ಒಂದಿಷ್ಟು ಅಂಗಳ, ಅಂಗಳದಲ್ಲಿ ಪೂಜೆಗೆಂದು ಬೆಳೆಸಿದ ಕಣಗಿಲೆ, ದಾಸವಾಳ, ಒಂದು ಬಿಲ್ವದ ಗಿಡ. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಈ ಅಂದವೆಲ್ಲ ಒಂದು ವಾರದಲ್ಲಿ ಕಲಸಿಹೋಗುತ್ತದೆ. ಪಾತಿಯ ಮಣ್ಣು ಅಂಗಳಕ್ಕೆ ಬರುತ್ತದೆ, ಅಂಗಳದ ನೀರು ಪಾತಿಗೆ ನುಗ್ಗುತ್ತದೆ. ಈ ಸೀಮೆಯ ಮಣ್ಣಿನ ಕೆಂಪಿಗೆ ಅದರಲ್ಲಿರುವ ಕಬ್ಬಿಣದ ಅಂಶವೇ ಕಾರಣ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋದದ್ದು ಇದೇ ಕೆಮ್ಮಣ್ಣುಗುಂಡಿಯ ಗುಡ್ಡಗಳಿಂದ. ಆ ಕೆಸರು ಸುಣ್ಣ ಬಳಿದ ಗೋಡೆಗೆ ಸಿಡಿದರೆ ಕಲೆ ಹೋಗಲಾರದೆಂಬುದನ್ನು ನಮ್ಮ ಗೃಹಿಣಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಪಾತಿಗೆ ಅಂಚು ಕಟ್ಟುವುದು ಹೊಸ ವಿಚಾರವೇನೂ ಅಲ್ಲ. ಹಿಂದೆ ಕಾಡುಗಲ್ಲುಗಳನ್ನು ಸಾಲಾಗಿ ಹೂಳುತ್ತಿದ್ದರು. ಒಡೆದ ಹೆಂಚನ್ನೋ ಅಡಿಕೆಯ ಹಳೆಯ ಬೊಡ್ಡೆಯನ್ನೋ ಒರಗಿಸುತ್ತಿದ್ದರು. ಪ್ರವಾಸಿ ಬಂಗಲೆಗಳ, ಶಾಲೆಗಳ ಮುಂದೆ ಇಟ್ಟಿಗೆಗಳನ್ನು ಗರಗಸದ ಹಲ್ಲಿನಂತೆ ಓರೆಯಾಗಿ ನೆಟ್ಟು, ಒಂದಕ್ಕೆ ಕೆಮ್ಮಣ್ಣು ಒಂದಕ್ಕೆ ಸುಣ್ಣ ಬಳಿದಿರುತ್ತಿದ್ದುದನ್ನು ಹಿರಿಯರು ಮರೆತಿರಲಾರರು. ನೋಡಲು ಅದರಷ್ಟು ಚೆಲುವಾದುದು ಕಾಂಕ್ರೀಟಿನಲ್ಲಿ ಇಲ್ಲವೆಂದೇ ನಮ್ಮ ಅಭಿಪ್ರಾಯ. ಆದರೆ ಕಲ್ಲು ಮಳೆಗೆ ವಾಲುತ್ತದೆ, ಬೊಡ್ಡೆಗೆ ಗೆದ್ದಲು ಹತ್ತುತ್ತದೆ, ಸರಿಯಾಗಿ ಬೇಯದ ಇಟ್ಟಿಗೆ ಕೆಲವೇ ಮಳೆಗಾಲಗಳಲ್ಲಿ ಪುಡಿಯಾಗುತ್ತದೆ. ಆದುದರಿಂದಲೇ ಇಂದು ಅನೇಕ ಕುಟುಂಬಗಳು ಕಾಂಕ್ರೀಟಿನ ಅಂಚಿನ ಕಡೆಗೆ ಒಲಿದಿವೆ. ಆಗ ಮನೆಯಲ್ಲಿ ಚರ್ಚೆ ಏಳುತ್ತದೆ: ಇಷ್ಟು ಚಿಕ್ಕ ಕೆಲಸಕ್ಕೆ ಗುತ್ತಿಗೆದಾರನೇಕೆ ಎಂದು ಒಬ್ಬರು, ನಮ್ಮ ಕೈಯಲ್ಲಿ ಆಗುವ ಕೆಲಸವೇ ಇದು ಎಂದು ಇನ್ನೊಬ್ಬರು.

ಮೊದಲು ಲೆಕ್ಕವನ್ನು ನೋಡೋಣ. ಪಾತಿಯ ಅಂಚಿಗೆ ನಾಲ್ಕು ಅಂಗುಲ ಅಗಲ, ಎಂಟು ಅಂಗುಲ ಎತ್ತರ ಧಾರಾಳವಾಗಿ ಸಾಕು. ಎತ್ತರದಲ್ಲಿ ಅರ್ಧ ನೆಲದೊಳಗಿರಬೇಕು. ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ನಾಲ್ಕು ಪಾಲು ಸಣ್ಣ ಜಲ್ಲಿ ಎಂಬ ಹಳೆಯ ಪ್ರಮಾಣದಲ್ಲಿ ಕಲಸಿದರೆ 50 ಕಿಲೋದ ಒಂದು ಚೀಲ ಸಿಮೆಂಟಿನಿಂದ ಸುಮಾರು 25 ಅಡಿ ಉದ್ದದ ಅಂಚು ಎದ್ದು ನಿಲ್ಲುತ್ತದೆ. ಅಂದರೆ ನೂರು ಅಡಿಗೆ ನಾಲ್ಕು ಚೀಲ ಸಿಮೆಂಟು, ಹತ್ತು ಘನ ಅಡಿ ಮರಳು, ಇಪ್ಪತ್ತು ಘನ ಅಡಿ ಜಲ್ಲಿ. ಚೆಲ್ಲಿ ಹೋಗುವುದಕ್ಕೆಂದು ಇನ್ನೂ ಒಂದು ಚೀಲ ಇಟ್ಟುಕೊಳ್ಳಬಹುದು. ಹೊಳೆಯ ಮರಳಿಗೆ ಬದಲಾಗಿ ಈಗ ಎಲ್ಲೆಡೆ ಬಳಕೆಗೆ ಬಂದಿರುವ, ಕಲ್ಲನ್ನು ಅರೆದು ಮಾಡಿದ ಎಂ-ಸ್ಯಾಂಡ್ ಈ ಕೆಲಸಕ್ಕೆ ಚೆನ್ನಾಗಿಯೇ ಒದಗುತ್ತದೆ. ನಿಮ್ಮೂರಿನ ಅಂಗಡಿಯ ದರವನ್ನು ಈ ಅಂಕಿಗಳಿಗೆ ಕೂಡಿಸಿ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ: ಇಲ್ಲಿ ಸಾಮಗ್ರಿಯ ವೆಚ್ಚ ದೊಡ್ಡದಲ್ಲ, ಕೂಲಿಯೇ ದೊಡ್ಡದು. ಗುತ್ತಿಗೆದಾರನು ಐವತ್ತು ಅಡಿಯ ಕೆಲಸಕ್ಕೂ ಆಳುಗಳನ್ನು, ಸಲಕರಣೆಯನ್ನು, ವಾಹನವನ್ನು ತರಲೇಬೇಕಾದುದರಿಂದ ಚಿಕ್ಕ ಕೆಲಸದ ದರ ಅಡಿಯ ಲೆಕ್ಕದಲ್ಲಿ ಹೆಚ್ಚಾಗುವುದು ಸಹಜ. ಅದಕ್ಕೆ ಅವನನ್ನು ದೂರಬೇಕಾಗಿಲ್ಲ. ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಕಾಂಕ್ರೀಟನ್ನು ಶಾವಿಗೆಯಂತೆ ಒತ್ತಿ ಅಂಚನ್ನು ಒಂದೇ ಸಮನೆ ಹೊರಗೆ ಬಿಡುವ ಯಂತ್ರಗಳಿವೆ. ಅಲ್ಲಿನ ಗುತ್ತಿಗೆದಾರರೂ ಚಿಕ್ಕ ಅಂಗಳಕ್ಕೆ ಕನಿಷ್ಠ ಇಷ್ಟೆಂದು ಶುಲ್ಕವನ್ನು ಕೇಳುವುದುಂಟು.

ಇನ್ನು ಕೆಲಸದ ಮಾತು. ಹಗ್ಗ ಹಿಡಿದು ಗುರುತು ಮಾಡಿ ಆರು ಅಂಗುಲ ಆಳಕ್ಕೆ ಕಾಲುವೆ ತೋಡಬೇಕು. ತಳವನ್ನು ದಿಮ್ಮಸಿನಿಂದ ಗಟ್ಟಿಯಾಗಿ ಬಡಿದು, ಅದರ ಮೇಲೆ ಎರಡು ಅಂಗುಲ ಜಲ್ಲಿ ಹಾಸಿ ಮತ್ತೆ ಬಡಿಯಬೇಕು. ಸಡಿಲ ಮಣ್ಣಿನ ಮೇಲೆ ಸುರಿದ ಕಾಂಕ್ರೀಟು ಎಷ್ಟೇ ಶ್ರೇಷ್ಠವಾಗಿದ್ದರೂ ಮೊದಲ ಮಳೆಗಾಲಕ್ಕೆ ಕುಸಿದು ಮುರಿಯುತ್ತದೆ. ನೇರವಾದ ಅಂಚಿಗೆ ಹಲಗೆ ನಿಲ್ಲಿಸಿದರಾಯಿತು. ಬಳುಕಿನ ಅಂಚಿಗೆ ಪೇಟೆಯವರು ತೆಳ್ಳನೆಯ ಪ್ಲೈವುಡ್ ಹುಡುಕುತ್ತಾರೆ. ಲಿಂಗದಹಳ್ಳಿಯ ಕಡೆಯವರಿಗೆ ಆ ಕಷ್ಟವಿಲ್ಲ. ತೆಳುವಾಗಿ ಸೀಳಿದ ಅಡಿಕೆಯ ದಬ್ಬೆಯನ್ನು ನೆನೆಸಿ ಬಾಗಿಸಿ, ಗೂಟ ಹೊಡೆದು ನಿಲ್ಲಿಸಿದರೆ ಎಂತಹ ಬಳುಕಿಗೂ ಅದು ಒಗ್ಗುತ್ತದೆ. ಒಳಮೈಗೆ ಅಡುಗೆಗೆ ಬಾರದ ಹಳೆಯ ಎಣ್ಣೆಯನ್ನು ಸವರಿದರೆ ಬಿಡಿಸುವಾಗ ಅಂಟದು. ಲಾರಿಯ ಕರಿ ಎಣ್ಣೆ ಮಾತ್ರ ಬೇಡ. ಅದು ಪಾತಿಯ ಮಣ್ಣಿಗೆ ಇಳಿಯುತ್ತದೆ.

ಕಲಸುವಾಗ ಎಲ್ಲರನ್ನೂ ಮರುಳುಗೊಳಿಸುವುದು ನೀರು. ನೀರು ಹೆಚ್ಚಾದಷ್ಟು ಸನಿಕೆಗೆ ಹಗುರ, ಅಚ್ಚಿಗೆ ಸುರಿಯಲು ಸುಲಭ. ಆದರೆ ಹೆಚ್ಚಿನ ನೀರು ಮುಂದೆ ಆವಿಯಾಗಿ ಹೋದಾಗ ಅದಿದ್ದ ಜಾಗವೆಲ್ಲ ಸಣ್ಣ ಸಣ್ಣ ರಂಧ್ರವಾಗಿ ಉಳಿಯುತ್ತದೆ. ಕಾಂಕ್ರೀಟು ಅಷ್ಟು ದುರ್ಬಲವಾಗುತ್ತದೆ. ಒಂದು ಚೀಲಕ್ಕೆ ಸುಮಾರು 25 ಲೀಟರು, ಅಂದರೆ ಸಿಮೆಂಟಿನ ತೂಕದ ಅರ್ಧದಷ್ಟು, ಒಳ್ಳೆಯ ಅಳತೆ. ಮರಳು ಹಸಿಯಾಗಿದ್ದರೆ ಇನ್ನೂ ಕಡಿಮೆ. ಕಲಸಿದ್ದನ್ನು ಅರ್ಧ ಗಂಟೆಯೊಳಗೆ ಅಚ್ಚಿಗೆ ಹಾಕಿ, ಕಬ್ಬಿಣದ ಸರಳಿನಿಂದ ಕುಟ್ಟಿ ಗಾಳಿಯನ್ನು ಹೊರಡಿಸಬೇಕು. ಸುಮಾರು ನಾಲ್ಕು ಅಡಿಗೊಮ್ಮೆ ಎರಡು ಅಂಗುಲ ಆಳಕ್ಕೆ ತಗಡಿನ ತುಂಡನ್ನು ಇಳಿಸಿ ಬಿಗಿಯತೊಡಗಿದಾಗ ತೆಗೆದರೆ ಅಲ್ಲೊಂದು ಗೀರು ಉಳಿಯುತ್ತದೆ. ಕಾಂಕ್ರೀಟು ಗಟ್ಟಿಯಾಗುತ್ತ ಕುಗ್ಗುವುದು ಅದರ ಸ್ವಭಾವ. ಗೀರು ಇದ್ದರೆ ಬಿರುಕು ಅಲ್ಲಿಯೇ ಅಡಗುತ್ತದೆ, ಇಲ್ಲದಿದ್ದರೆ ತನಗೆ ತೋಚಿದಲ್ಲಿ ಬರುತ್ತದೆ.

ಇಷ್ಟರವರೆಗಿನದನ್ನು ಗುತ್ತಿಗೆದಾರನ ಆಳುಗಳು ನಮಗಿಂತ ಬೇಗನೆ, ಅಂದವಾಗಿ ಮಾಡಬಲ್ಲರು. ನಿಜವಾದ ಪ್ರಶ್ನೆ ಇರುವುದು ಅವರು ಹೊರಟುಹೋದ ಮಾರನೆಯ ದಿನದಲ್ಲಿ. ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆಂದು ಬಹಳ ಮಂದಿ ನಂಬಿದ್ದಾರೆ. ಅದು ಒಣಗಿ ಗಟ್ಟಿಯಾಗುವ ವಸ್ತುವಲ್ಲ. ಸಿಮೆಂಟು ನೀರಿನೊಡನೆ ರಾಸಾಯನಿಕವಾಗಿ ಬೆರೆತು ಕಲ್ಲಾಗುವಂಥದು. ನೀರು ಬೇಗನೆ ಆರಿದರೆ ಆ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ. 2000ದಲ್ಲಿ ಪರಿಷ್ಕೃತವಾದ ಭಾರತೀಯ ಮಾನಕ ಸಂಹಿತೆ ಐ.ಎಸ್. 456ರ ಪ್ರಕಾರ ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಕೆಲಸವನ್ನು ಕನಿಷ್ಠ ಏಳು ದಿನ, ಬೂದಿ ಮುಂತಾದವು ಬೆರೆತ ಸಿಮೆಂಟಾದರೆ ಕನಿಷ್ಠ ಹತ್ತು ದಿನ ಹಸಿಯಾಗಿಯೇ ಇಡಬೇಕು. ಇಂದು ಅಂಗಡಿಗಳಲ್ಲಿ ಸಾಮಾನ್ಯವಾಗಿ ದೊರೆಯುವ ಪಿ.ಪಿ.ಸಿ. ಎರಡನೆಯ ಬಗೆಯದು, ಚೀಲದ ಮೇಲೆ ಅಚ್ಚಾಗಿರುತ್ತದೆ, ಓದಿ ನೋಡಬೇಕು. ನಾಲ್ಕು ಅಂಗುಲ ಅಗಲದ ಅಂಚು ಮನೆಯ ತಾರಸಿಯಂತಲ್ಲ. ಮೂರು ಕಡೆಯಿಂದ ಬಿಸಿಲು, ಗಾಳಿ ತಾಗಿ ಬಹು ಬೇಗ ಆರಿಹೋಗುತ್ತದೆ. ಅದರ ಮೇಲೆ ಗೋಣಿತಾಟನ್ನು ಹೊದಿಸಿ ದಿನಕ್ಕೆ ಮೂರು ನಾಲ್ಕು ಬಾರಿ ನೀರು ಚಿಮುಕಿಸುವವರು ಯಾರು? ಹತ್ತು ದಿನ ಅದಕ್ಕಾಗಿಯೇ ಗುತ್ತಿಗೆದಾರನು ಆಳನ್ನು ಕಳುಹಿಸಲಾರ. ನಾವು ನೋಡಿದ ಮುರುಕು ಅಂಚುಗಳಲ್ಲಿ ಹೆಚ್ಚಿನವು ಕಟ್ಟಿದವನ ತಪ್ಪಿನಿಂದ ಮುರಿದವಲ್ಲ, ನೀರು ಕಾಣದೆ ಮುರಿದವು. ನೀವೇ ಕಟ್ಟಿದರೂ ಅಷ್ಟೆ, ಹಣ ಕೊಟ್ಟು ಕಟ್ಟಿಸಿದರೂ ಅಷ್ಟೆ, ಈ ಭಾಗ ಮನೆಯವರದೇ. ಬೆಳಗ್ಗೆ ಗಿಡಕ್ಕೆ ನೀರೆರೆಯುವ ಮಗುವಿಗೆ ಇದನ್ನು ವಹಿಸಿದರೆ ಸಂತೋಷದಿಂದ ಮಾಡುತ್ತದೆ.

ಇನ್ನೊಂದು ಭಾಗವೂ ಮನೆಯವರದೇ: ನೀರಿನ ದಾರಿ. ನಿಮ್ಮ ಅಂಗಳದಲ್ಲಿ ಜುಲೈ ತಿಂಗಳ ಮಳೆ ಎಲ್ಲಿಂದ ಬಂದು ಎಲ್ಲಿ ನಿಂತು ಎತ್ತ ಹರಿಯುತ್ತದೆಂಬುದನ್ನು ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಬಂದು ನಿಂತ ಮೇಸ್ತ್ರಿ ತಿಳಿಯಲಾರ. ಅಂಚು ಎಂದರೆ ಒಂದು ಚಿಕ್ಕ ಏರಿ. ಅದು ಮನೆಯ ಕಡೆಗೆ ನೀರನ್ನು ಕಟ್ಟಿ ನಿಲ್ಲಿಸಿದರೆ ತಳಪಾಯಕ್ಕೇ ಕೇಡು. ಆರು ಅಡಿಗೊಂದರಂತೆ ನೆಲಮಟ್ಟದಲ್ಲಿ ಒಂದು ಅಂಗುಲದ ಕೊಳವೆಯ ತುಂಡನ್ನು ಇಟ್ಟು ಕಿಂಡಿ ಬಿಡಬೇಕು. ಒಟ್ಟು ಇಳಿಜಾರು ಮನೆಯಿಂದ ಹೊರಕ್ಕೆ, ಬೀದಿಯ ಚರಂಡಿಯ ಕಡೆಗೆ ಇರಬೇಕು. ಆ ಕಿಂಡಿಗಳ ಬಾಯಿ ನೆರೆಯವರ ಗೋಡೆಯತ್ತ ತೆರೆಯದಂತೆ ನೋಡಿಕೊಳ್ಳುವುದು ಬಹು ಮುಖ್ಯ. ಎರಡು ತಲೆಮಾರಿನಿಂದ ಅನ್ಯೋನ್ಯವಾಗಿದ್ದ ಮನೆಗಳು ಮಳೆನೀರಿನ ದಾರಿಗಾಗಿ ಮಾತು ಬಿಟ್ಟು, ಮದುವೆ ಮುಂಜಿಗೂ ಹೋಗದಂತಾದುದು ನಮ್ಮ ಊರುಗಳಲ್ಲಿ ಅಪರೂಪವಲ್ಲ. ಗುರುತು ಹಾಕುವ ದಿನವೇ ನೆರೆಯವರನ್ನು ಕರೆದು ತೋರಿಸುವುದು ಲೇಸು.

ಹಾಗಾದರೆ ಗುತ್ತಿಗೆದಾರನು ಯಾವಾಗ ಬೇಕು? ಅಂಚು ಒಂದೂವರೆ ಅಡಿಗಿಂತ ಎತ್ತರವಾಗಿ ಮಣ್ಣಿನ ಭಾರವನ್ನು ತಡೆಯಬೇಕಾದರೆ ಅದು ಅಂಚಲ್ಲ, ತಡೆಗೋಡೆ. ಅನುಭವಿಗಳ ಕೈಯಲ್ಲೇ ಆಗಬೇಕು. ಕಾರು, ಟ್ರಾಕ್ಟರುಗಳ ಚಕ್ರ ಹತ್ತಿ ಇಳಿಯುವ ಕಡೆಯೂ ಹಾಗೆಯೇ. ಅಜ್ಜಂಪುರ, ಕಡೂರುಗಳತ್ತ ಎರೆಮಣ್ಣಿನ ನೆಲವಿರುವಲ್ಲಿ ಎಚ್ಚರ ಇನ್ನೂ ಹೆಚ್ಚಬೇಕು. ಆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಆಳದ ಎರೆಯನ್ನು ತೆಗೆದು ಗೊರಸು ತುಂಬದೆ ಅಲ್ಲಿ ಏನನ್ನು ಕಟ್ಟಿದರೂ ಉಳಿಯದು. ಮನೆಯಲ್ಲಿ ವಯಸ್ಸಾದವರಷ್ಟೇ ಇದ್ದು ಮಕ್ಕಳು ಬೆಂಗಳೂರಿನಲ್ಲೋ ಪರದೇಶದಲ್ಲೋ ಇದ್ದರೆ ಕೂಲಿ ಕೊಡುವುದೇ ವಿವೇಕ. ಐವತ್ತು ಕಿಲೋದ ಚೀಲವನ್ನು ಎತ್ತಿ ಬೆನ್ನು ಹಿಡಿಸಿಕೊಳ್ಳುವುದರಲ್ಲಿ ಉಳಿತಾಯವಿಲ್ಲ. ಗುತ್ತಿಗೆಗೆ ಕೊಟ್ಟರೆ ಅಡಿಗೆ ಇಷ್ಟೆಂದು ಬರೆಸಿಕೊಳ್ಳಿರಿ. ಅಗೆತ, ಮಣ್ಣು ಸಾಗಿಸುವುದು, ಜಲ್ಲಿಯ ಹಾಸು ಅದರಲ್ಲಿ ಸೇರಿದೆಯೇ ಎಂಬುದನ್ನೂ ಕೇಳಿರಿ. ಹಣದ ಒಂದು ಪಾಲನ್ನು ಕ್ಯೂರಿಂಗ್ ಮುಗಿದು ಬಿರುಕಿಲ್ಲವೆಂದು ಕಂಡ ಮೇಲೆ ಕೊಡುವುದಾಗಿ ಮೊದಲೇ ಒಪ್ಪಿಸಿಕೊಳ್ಳಬೇಕು. ಆ ಹತ್ತು ದಿನ ನೀರು ಹಾಕುವ ಮಾತನ್ನು ಮನೆಯವರೂ ನಡೆಸಿಕೊಡಬೇಕು.

ಉಳಿದ ಮನೆಗಳಿಗೆ ನಮ್ಮ ಸಲಹೆ ನಡುವಿನ ದಾರಿ. ಗುರುತು, ಅಗೆತ, ತಳ ಬಡಿಯುವುದನ್ನು ಭಾನುವಾರಗಳಲ್ಲಿ ಮನೆಯವರೇ ಮಾಡಿಕೊಳ್ಳಬಹುದು. ಊರಿನ ಗಾರೆ ಮೇಸ್ತ್ರಿಯನ್ನು ಒಂದೇ ದಿನಕ್ಕೆ, ಅವನ ಪೂರ್ಣ ಕೂಲಿಗೆ ಕರೆಯಬೇಕು; ಅಚ್ಚಿನ ಮಟ್ಟ, ಮೇಲ್ಮೈಯ ನಯ ಅವನ ಕೈಗೆ ಬಿಟ್ಟದ್ದು. ಆ ನಯ ವರ್ಷಗಟ್ಟಲೆ ಗಾರೆಕರಣೆ ಹಿಡಿದ ಕೈಗೆ ಮಾತ್ರ ಒಲಿಯುತ್ತದೆ. ನೀರು ಹಾಕುವುದು ಮತ್ತೆ ಮನೆಯವರದು.

ಬರಿಗೈಯಲ್ಲಿ, ಬರಿಗಾಲಲ್ಲಿ ಯಾರೂ ಈ ಕೆಲಸಕ್ಕೆ ಇಳಿಯಬಾರದು, ಕೂಲಿಗೆ ಬಂದವರೂ ಸಹ. ಹಸಿ ಸಿಮೆಂಟು ಸುಣ್ಣದಂತೆ ತೀಕ್ಷ್ಣ ಕ್ಷಾರ. ಮೊದಲು ಉರಿ ತಿಳಿಯುವುದಿಲ್ಲ, ಸಂಜೆಗೆ ಚರ್ಮ ಸುಟ್ಟಿರುತ್ತದೆ. ರಬ್ಬರಿನ ಕೈಗವಸು, ಮುಚ್ಚಿದ ಪಾದರಕ್ಷೆ, ಚೀಲ ಬಿಚ್ಚುವಾಗ ಮೂಗಿಗೊಂದು ಬಟ್ಟೆ ಇರಲಿ. ಕಣ್ಣಿಗೆ ಸಿಡಿದರೆ ಬಹಳ ಹೊತ್ತು ಶುದ್ಧ ನೀರಿನಿಂದ ತೊಳೆದು ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ದಿನಗಳು ಇದಕ್ಕೆ ತಕ್ಕವು. ಮೇ ತಿಂಗಳ ಗುಡುಗು ಮಳೆ ಹಸಿ ಅಚ್ಚಿನ ಮೇಲೆ ಬಿದ್ದರೆ ಸಿಮೆಂಟಿನ ಹಾಲೆಲ್ಲ ತೊಳೆದುಹೋಗುತ್ತದೆ. ಉಳಿದ ಸಿಮೆಂಟನ್ನು ಮುಂದಿನ ವರ್ಷಕ್ಕೆಂದು ಕೊಟ್ಟಿಗೆಯಲ್ಲಿಡಬೇಡಿರಿ. ಮಲೆನಾಡಿನ ಒಂದು ಮಳೆಗಾಲದ ತೇವಕ್ಕೆ ಅದು ಚೀಲದಲ್ಲೇ ಕಲ್ಲಾಗುತ್ತದೆ. ಅದೇ ದಿನ ಎರಡು ಅಡಿ ಚೌಕದ ಚಪ್ಪಡಿಯೊಂದನ್ನು ಎರಕ ಹೊಯ್ದು ಹಿತ್ತಿಲ ನಲ್ಲಿಯ ಕೆಳಗೆ ಹಾಕಿದರೆ ಪಾತ್ರೆ ತೊಳೆಯುವ ಜಾಗದ ಕೆಸರೂ ತಪ್ಪುತ್ತದೆ.