ಮಾಣಿಕ್ಯ: ಲಕ್ಷಣ, ಚರಿತ್ರೆ ಮತ್ತು ಚಿಕಿತ್ಸಾ ನಂಬಿಕೆ

ನವರತ್ನಗಳಲ್ಲಿ ಸೂರ್ಯನಿಗೆ ಸಲ್ಲುವ ರತ್ನವೆಂದು ಪರಂಪರೆಯು ಮಾಣಿಕ್ಯವನ್ನು ಗುರುತಿಸುತ್ತದೆ. ಪದ್ಮರಾಗವೆಂಬುದು ಇದರ ಇನ್ನೊಂದು ಹೆಸರು. ಆರನೆಯ ಶತಮಾನದ ವರಾಹಮಿಹಿರನು ‘ಬೃಹತ್ಸಂಹಿತೆ’ಯಲ್ಲಿ ಇದನ್ನು ಪ್ರತ್ಯೇಕವಾಗಿ ವಿವರಿಸಿದ್ದಾನೆ. ರಾಸಾಯನಿಕವಾಗಿ ಇದು ಅಲ್ಯೂಮಿನಿಯಂ ಆಕ್ಸೈಡ್, ಅಂದರೆ ಕುರುವಿಂದ ಜಾತಿಯ ಖನಿಜ. ಅತ್ಯಲ್ಪ ಪ್ರಮಾಣದ ಕ್ರೋಮಿಯಂ ಇದಕ್ಕೆ ಕೆಂಬಣ್ಣವನ್ನು ನೀಡುತ್ತದೆ. ಮೋಸ್ ಮಾಪಕದಲ್ಲಿ ಇದರ ಕಾಠಿಣ್ಯ 9, ವಜ್ರದ್ದು 10. ಮ್ಯಾನ್ಮಾರಿನ ಮೊಗೋಕ್ ಇದರ ಪ್ರಸಿದ್ಧ ನೆಲೆ. ಮೈಸೂರು ಸೀಮೆಯಲ್ಲಿಯೂ ನಕ್ಷತ್ರ ಮಾಣಿಕ್ಯಗಳು ದೊರೆತಿವೆ.

ಬಣ್ಣವೊಂದನ್ನೇ ನೆಚ್ಚಿದ್ದರಿಂದ ಪ್ರಮಾದಗಳೂ ಆಗಿವೆ. ಬ್ರಿಟಿಷ್ ರಾಜಕಿರೀಟದ ‘ಬ್ಲ್ಯಾಕ್ ಪ್ರಿನ್ಸ್ ರೂಬಿ’ಯು ವಸ್ತುತಃ ಸ್ಪಿನೆಲ್ ಎಂಬ ಬೇರೊಂದು ಖನಿಜ. ರಕ್ತವರ್ಣದ ಸಾಮ್ಯದಿಂದಲೇ ಮಾಣಿಕ್ಯವು ರಕ್ತದೋಷ, ಹೃದಯದೌರ್ಬಲ್ಯಗಳನ್ನು ನೀಗುವುದೆಂಬ ನಂಬಿಕೆ ಬೆಳೆಯಿತೆಂದು ತೋರುತ್ತದೆ. ರಸಶಾಸ್ತ್ರದಲ್ಲಿ ಇದರ ಭಸ್ಮಕ್ಕೂ ಸ್ಥಾನವುಂಟು. ಆದರೆ ಧಾರಣೆಯಿಂದ ರೋಗ ಗುಣವಾಗುವುದೆಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಅದನ್ನು ನಂಬಿ ಚಿಕಿತ್ಸೆಯನ್ನು ಮುಂದೂಡುವುದು ಅಪಾಯಕರ.

1960ರಲ್ಲಿ ಥಿಯೊಡೋರ್ ಮೈಮನ್ ಅವರು ಕೃತಕ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಕಿರಣವನ್ನು ಪಡೆದರು. ಮರುವರ್ಷವೇ ನ್ಯೂಯಾರ್ಕಿನಲ್ಲಿ ಅಂಥ ಕಿರಣದಿಂದ ಅಕ್ಷಿಪಟಲದ ಗಡ್ಡೆಯೊಂದಕ್ಕೆ ಚಿಕಿತ್ಸೆ ನಡೆಯಿತು. ಹೀಗೆ ಮಾಣಿಕ್ಯವು ರೋಗಿಗೆ ನೆರವಾದದ್ದು ಧಾರಣೆಯಿಂದಲ್ಲ, ಅದರ ಕೆಂಪಿಗೆ ಕಾರಣವಾದ ಕ್ರೋಮಿಯಂ ಹೊಮ್ಮಿಸಿದ ಬೆಳಕಿನಿಂದ. ನಂಬಿಕೆಯನ್ನು ಚರಿತ್ರೆಯಾಗಿಯೂ ಗುಣವನ್ನು ಪರೀಕ್ಷೆಯಿಂದಲೂ ಅರಿಯುವುದೇ ರತ್ನಗಳ ಅಧ್ಯಯನಕ್ಕೆ ತಕ್ಕ ಮಾರ್ಗ.