ದಾದಿಯರ ವೃತ್ತಿಸಾಮರ್ಥ್ಯವೂ ಆತ್ಮಪರೀಕ್ಷೆಯೂ

ಶುಶ್ರೂಷೆಯೆಂಬ ಶಬ್ದಕ್ಕೆ ರೋಗಿಯ ಉಪಚಾರವೆಂಬ ಅರ್ಥವು ರೂಢಿಯಲ್ಲಿರುವುದಷ್ಟೆ. ಅದರ ಮೂಲಾರ್ಥವಾದರೋ ಕೇಳಬೇಕೆಂಬ ಇಚ್ಛೆ. ‘ಶ್ರು’ ಧಾತುವಿನ ಇಚ್ಛಾರ್ಥಕ ರೂಪದಿಂದ ಆ ಪದವು ಹುಟ್ಟಿದೆ. ಇಂತಹ ವೃತ್ತಿಯಲ್ಲಿ ಸಾಮರ್ಥ್ಯವನ್ನು ಅಳೆಯುವ ಬಗೆ ಹೇಗೆ? ಕೈಗೆಲಸವನ್ನು ಕಣ್ಣಾರೆ ನೋಡಿ ಪರೀಕ್ಷಿಸಬಹುದು. ಗ್ರಂಥಜ್ಞಾನವನ್ನು ಪ್ರಶ್ನೆ ಕೇಳಿ ತಿಳಿಯಬಹುದು. ಆದರೆ ನಡುರಾತ್ರಿಯಲ್ಲಿ ರೋಗಿಯ ಉಸಿರಿನ ಗತಿ ತುಸು ಬದಲಾದುದನ್ನು ಗುರುತಿಸಿ, ವೈದ್ಯರನ್ನು ಕರೆಸಬೇಕೆ ಬೇಡವೆ ಎಂದು ನಿಶ್ಚಯಿಸುವ ವಿವೇಕವು ಈ ಎರಡು ಪರೀಕ್ಷೆಗಳಿಗೂ ಪೂರ್ಣವಾಗಿ ಸಿಕ್ಕುವುದಿಲ್ಲ.

ಈ ವಿವೇಕದ ಬೆಳವಣಿಗೆಯನ್ನು ಅಮೆರಿಕದ ಪೆಟ್ರೀಷಿಯಾ ಬೆನ್ನರ್ ಅವರು 1984ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವೇಚಿಸಿದರು. ಡ್ರೈಫಸ್ ಸೋದರರ ಕೌಶಲಸಿದ್ಧಾಂತವನ್ನು ಅನುಸರಿಸಿ, ದಾದಿಯರು ಐದು ಮೆಟ್ಟಿಲುಗಳಲ್ಲಿ ಪರಿಣತಿಗೆ ಏರುವರೆಂದು ಅವರು ನಿರೂಪಿಸಿದರು. ಮೊದಲ ಮೆಟ್ಟಿಲಿನವರು ನಿಯಮವನ್ನು ಹಿಡಿದು ನಡೆಯುವರು. ಕಡೆಯ ಮೆಟ್ಟಿಲಿನವರು ಸನ್ನಿವೇಶವನ್ನು ಇಡಿಯಾಗಿ ಗ್ರಹಿಸುವರು.

ಬೆನ್ನರ್ ಅವರ ವಿಚಾರವನ್ನೇ ತಳಹದಿಯಾಗಿಟ್ಟುಕೊಂಡು ಫಿನ್ಲೆಂಡಿನ ರೀಟ್ಟಾ ಮೆರೆಟೋಯ ಅವರೂ ಅವರ ಸಹೋದ್ಯೋಗಿಗಳೂ ಒಂದು ಮಾನದಂಡವನ್ನು ರಚಿಸಿ 2004ರಲ್ಲಿ ಪ್ರಕಟಿಸಿದರು. ಅದರಲ್ಲಿ 73 ವಾಕ್ಯಗಳಿವೆ. ರೋಗಿಗೆ ನೆರವಾಗುವುದು, ಬೋಧಿಸುವುದು, ಸ್ಥಿತಿಯನ್ನು ನಿರ್ಣಯಿಸುವುದು, ಸನ್ನಿವೇಶವನ್ನು ನಿರ್ವಹಿಸುವುದು, ಚಿಕಿತ್ಸೆಯನ್ನು ನಡೆಸುವುದು, ಗುಣಮಟ್ಟವನ್ನು ಕಾಪಾಡುವುದು, ವೃತ್ತಿಪಾತ್ರವನ್ನು ವಹಿಸುವುದು ಎಂಬ ಏಳು ವರ್ಗಗಳಲ್ಲಿ ಅವು ಹಂಚಿವೆ. ದಾದಿಯು ಪ್ರತಿಯೊಂದು ವಾಕ್ಯವನ್ನೂ ಓದಿ, ಒಂದು ಗೆರೆಯ ಮೇಲೆ 0ಯಿಂದ 100ರವರೆಗೆ ತನ್ನ ಸಾಮರ್ಥ್ಯ ಎಷ್ಟೆಂಬುದನ್ನು ತಾನೇ ಗುರುತಿಸಬೇಕು. ಅಲ್ಲದೆ, ಆ ಕಾರ್ಯವನ್ನು ತಾನು ಎಷ್ಟು ಸಲ ಮಾಡುವೆನೆಂಬುದನ್ನೂ ಬೇರೆಯಾಗಿ ತಿಳಿಸಬೇಕು. ಈ ಎರಡನೆಯ ಪ್ರಶ್ನೆ ಮುಖ್ಯವಾದುದು. ಏಕೆಂದರೆ, ದಿನವೂ ಮಾಡುವ ಕಾರ್ಯದಲ್ಲಿ ಅಂಕ ಕಡಮೆಯಾದರೆ ಅದರ ಅರ್ಥವೇ ಬೇರೆ. ಎಂದೋ ಒಮ್ಮೆ ಮಾಡುವುದರಲ್ಲಿ ಕಡಮೆಯಾದರೆ ಅದರ ಅರ್ಥವೇ ಬೇರೆ.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. ತನ್ನ ಕೊರತೆಯನ್ನು ಕಾಣುವುದಕ್ಕೂ ಆ ವಿಷಯದಲ್ಲಿ ಕೊಂಚ ಸಾಮರ್ಥ್ಯ ಬೇಕಲ್ಲವೆ? ಅಮೆರಿಕದ ಕ್ರೂಗರ್ ಮತ್ತು ಡನ್ನಿಂಗ್ ಎಂಬ ಮನಶ್ಶಾಸ್ತ್ರಜ್ಞರು 1999ರಲ್ಲಿ ಪ್ರಕಟಿಸಿದ ಪ್ರಯೋಗಗಳು ದಾದಿಯರನ್ನು ಕುರಿತವಲ್ಲ. ಆದರೂ ಈ ಪ್ರಶ್ನೆಗೆ ಸಂಬಂಧಪಟ್ಟವು. ತರ್ಕ, ವ್ಯಾಕರಣ ಮೊದಲಾದ ಪರೀಕ್ಷೆಗಳಲ್ಲಿ ಕೆಳದರ್ಜೆಯಲ್ಲಿದ್ದ ವಿದ್ಯಾರ್ಥಿಗಳು ತಾವು ಸರಾಸರಿಗಿಂತ ಮೇಲೆಂದು ಎಣಿಸಿದ್ದರು. ಉತ್ತಮರಾದವರು ತಮ್ಮ ಸ್ಥಾನವನ್ನು ಇರುವುದಕ್ಕಿಂತ ಕೆಳಗೆ ಎಣಿಸಿದ್ದರು. ಇನ್ನು, ಫಿನ್ಲೆಂಡಿನಲ್ಲಿ 2003ರಲ್ಲಿ ಪ್ರಕಟವಾದ ತುಲನೆಯಲ್ಲಿ ದಾದಿಯರು ತಮಗೆ ಕೊಟ್ಟುಕೊಂಡುದಕ್ಕಿಂತ ಮೇಲ್ವಿಚಾರಕರು ಅವರಿಗೆ ಕೊಟ್ಟ ಅಂಕಗಳೇ ಹೆಚ್ಚಾಗಿದ್ದವು. ಆದುದರಿಂದ ಆತ್ಮಪರೀಕ್ಷೆಯೆಂದರೆ ಆತ್ಮಪ್ರಶಂಸೆಯೆಂದು ತಳ್ಳಿಹಾಕುವುದೂ ಯುಕ್ತವಲ್ಲ. ಅದನ್ನೇ ಪ್ರಮಾಣವೆಂದು ನಂಬುವುದೂ ಯುಕ್ತವಲ್ಲ.

ಹೀಗಿರುವಲ್ಲಿ ಆ ಅಂಕವು ತಿಳಿಸುವುದೇನು? ಅದು ಸಾಮರ್ಥ್ಯದ ಅಳತೆಯಲ್ಲ. ತನ್ನ ಸಾಮರ್ಥ್ಯವನ್ನು ಕುರಿತು ದಾದಿಯು ಮಾಡಿಕೊಂಡ ತೀರ್ಮಾನದ ಅಳತೆ. ಈ ಭೇದವನ್ನು ಮರೆತು ಬಡ್ತಿಯನ್ನೋ ಸಂಬಳವನ್ನೋ ಅದಕ್ಕೆ ಗಂಟುಹಾಕಿದರೆ, ಕೊರತೆಯನ್ನು ಒಪ್ಪಿಕೊಳ್ಳುವವಳಿಗೆ ನಷ್ಟ, ಮುಚ್ಚಿಡುವವಳಿಗೆ ಲಾಭ. ಮುಚ್ಚಿಟ್ಟ ಕೊರತೆಯ ಫಲವನ್ನು ಕಡೆಗೆ ಉಣ್ಣುವವನು ಹಾಸಿಗೆಯಲ್ಲಿ ಮಲಗಿರುವ ರೋಗಿ. ಅದಕ್ಕೆ ಬದಲಾಗಿ, ಮುಂದೆ ಕಲಿಯಬೇಕಾದುದೇನೆಂಬುದನ್ನು ಗೊತ್ತುಮಾಡಲು ಅದನ್ನು ಬಳಸಿ, ಹಿರಿಯರು ಕೆಲಸವನ್ನು ಪ್ರತ್ಯಕ್ಷವಾಗಿ ನೋಡಿ ಹೇಳಿದ ಮಾತಿನೊಡನೆ ಹೋಲಿಸಿದರೆ, ಎರಡೂ ಹೊಂದದ ಎಡೆಯಲ್ಲಿಯೇ ಶಿಕ್ಷಣವು ಆರಂಭವಾಗಬಹುದು. ರೋಗಿಯ ಮಾತನ್ನು ಕೇಳುವವಳು ತನ್ನ ಕೊರತೆಯ ಮಾತನ್ನೂ ನಿರ್ಭಯವಾಗಿ ಕೇಳಿಕೊಳ್ಳುವಂತಾಗುವುದೇ ಈ ಮಾಪನದ ಪ್ರಯೋಜನ.